ಗ್ರೀನ್ ಟೀ ಕ್ಯಾಪ್ಸೂಲ್ ಮತ್ತು ಕ್ಯಾನ್ಸರ್ ಹೆಸರಿನ ವ್ಯಾಪಾರ: ಆಹಾರ ಸುರಕ್ಷತಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಹಾರ ಸುರಕ್ಷತಾ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳನ್ನು ಕ್ಯಾನ್ಸರ್ ತಡೆಯುವ ಪದಾರ್ಥವೆಂದು ಮಾರುತ್ತಿರುವುದರ ವಿರುದ್ಧ ಕ್ರಮ ಕೋರಿ.

ಮಾನ್ಯರೇ,

ರಾಜ್ಯದ ಮೆಡಿಕಲ್ ಶಾಪ್‌ಗಳಲ್ಲಿ, ಜಿಮ್‌ಗಳ ಕೌಂಟರ್‌ಗಳಲ್ಲಿ, ಆನ್‌ಲೈನ್ ಮಾರಾಟ ತಾಣಗಳಲ್ಲಿ ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳು ಯಾವ ವೈದ್ಯರ ಚೀಟಿಯೂ ಇಲ್ಲದೆ ಸಿಗುತ್ತಿವೆ. ತೂಕ ಇಳಿಸುವ ಹೆಸರಿನಲ್ಲಿ ಶುರುವಾದ ಈ ವ್ಯಾಪಾರ ಈಗ ಕ್ಯಾನ್ಸರ್‌ನ ಭಯವನ್ನೂ ಬಂಡವಾಳ ಮಾಡಿಕೊಂಡಿದೆ. ಕ್ಯಾನ್ಸರ್ ಬಂದವರ ಮನೆಯವರಿಗೆ, ಚಿಕಿತ್ಸೆ ಮುಗಿಸಿ ಮತ್ತೆ ಬಂದೀತೆಂದು ಹೆದರಿರುವವರಿಗೆ, ಗುಟ್ಕಾ ಜಗಿದು ಬಾಯಲ್ಲಿ ಬಿಳಿ ಕಲೆ ಮೂಡಿಸಿಕೊಂಡವರಿಗೆ ಇದನ್ನು ಮಾರಲಾಗುತ್ತಿದೆ. ನಮ್ಮ ತಕರಾರು ಗ್ರೀನ್ ಟೀ ಕುಡಿಯುವುದರ ಬಗ್ಗೆ ಅಲ್ಲ. ಸಕ್ಕರೆ ಹಾಕದೆ ದಿನಕ್ಕೆ ಎರಡು ಮೂರು ಕಪ್ ಕುಡಿಯುವವರು ನೆಮ್ಮದಿಯಾಗಿ ಕುಡಿಯಲಿ. ನಮ್ಮ ತಕರಾರು, ಕಪ್‌ನಲ್ಲಿ ಇದ್ದದ್ದನ್ನು ಹತ್ತಾರು ಪಟ್ಟು ಸಾಂದ್ರಗೊಳಿಸಿ, ಕಪ್‌ಗೆ ಇರುವ ಒಳ್ಳೆಯ ಹೆಸರನ್ನು ಕ್ಯಾಪ್ಸೂಲಿಗೆ ಅಂಟಿಸಿ ಮಾರುವುದರ ಬಗ್ಗೆ.

ಇಂಥ ಡಬ್ಬಿಯೊಂದನ್ನು ದಯವಿಟ್ಟು ಕೈಗೆತ್ತಿಕೊಂಡು ನೋಡಿ. ಮುಂಭಾಗದಲ್ಲಿ ಎರಡು ಎಳೆ ಎಲೆ, ಒಂದು ಕುಡಿಯ ಚಿತ್ರ. ಕೆಳಗೆ ದೊಡ್ಡದಾಗಿ ‘ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ’. ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡರೂ ಓದಲು ಕಷ್ಟವಾಗುವ ಅಕ್ಷರಗಳಲ್ಲಿ ‘90% ಪಾಲಿಫಿನಾಲ್, 50% ಇಜಿಸಿಜಿ’. ಅದರ ಪಕ್ಕದಲ್ಲೇ ‘ಎರಡು ಕ್ಯಾಪ್ಸೂಲ್, ದಿನಕ್ಕೆ ಎರಡು ಬಾರಿ, ಊಟಕ್ಕೆ ಅರ್ಧ ಗಂಟೆ ಮೊದಲು’. ಇನ್ನೊಂದು ಮೂಲೆಯಲ್ಲಿ, ನಿಯಮಕ್ಕೆ ಕಟ್ಟುಬಿದ್ದು, ‘ಔಷಧೀಯ ಬಳಕೆಗಲ್ಲ’. ಶೇಕಡಾವಾರು ಲೆಕ್ಕವನ್ನೂ ಹಾಕದೆ ಬರೀ ‘500 ಮಿ.ಗ್ರಾಂ’ ಎಂದು ಬಿಟ್ಟಿರುವ ಡಬ್ಬಿಗಳೂ ಇವೆ. ಡಬ್ಬಿಯ ಮೇಲೆ ಕ್ಯಾನ್ಸರ್ ಎಂಬ ಪದ ಇರುವುದಿಲ್ಲ. ಅದು ಇರುವುದು ಮಾರಾಟ ತಾಣದ ವಿವರಣೆಯಲ್ಲಿ, ಕರಪತ್ರದಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ವಿಡಿಯೊದಲ್ಲಿ.

ಲೆಕ್ಕ ಹಾಕೋಣ. ಇಜಿಸಿಜಿ ಎಂಬುದು ಚಹಾ ಎಲೆಯಲ್ಲಿರುವ, ಪಾಲಿಫಿನಾಲ್ ಗುಂಪಿನ ಒಂದು ರಾಸಾಯನಿಕ. 500 ಮಿ.ಗ್ರಾಂ ಸಾರದಲ್ಲಿ ಅರ್ಧದಷ್ಟು ಇಜಿಸಿಜಿ ಎಂದರೆ ಒಂದು ಕ್ಯಾಪ್ಸೂಲಿಗೆ 250 ಮಿ.ಗ್ರಾಂ. ದಿನಕ್ಕೆ ನಾಲ್ಕು ನುಂಗಿದರೆ 1000 ಮಿ.ಗ್ರಾಂ. ಸುಮಾರು 2 ಗ್ರಾಂ ಎಲೆಯನ್ನು 200 ಮಿ.ಲೀ. ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ ಸೋಸಿದ ಒಂದು ಕಪ್‌ನಲ್ಲಿ ಸಿಗುವುದು ಹೆಚ್ಚುಕಡಿಮೆ 50ರಿಂದ 100 ಮಿ.ಗ್ರಾಂ. ಅಂದರೆ ಡಬ್ಬಿ ಹೇಳಿದಂತೆ ಕೇಳಿದವರು ದಿನವೂ ಹತ್ತರಿಂದ ಇಪ್ಪತ್ತು ಕಪ್‌ನಷ್ಟನ್ನು ಎರಡೇ ಸಲಕ್ಕೆ, ಅದೂ ಬರಿಹೊಟ್ಟೆಗೆ, ಇಳಿಸಿಕೊಳ್ಳುತ್ತಿದ್ದಾರೆ.

ಇಜಿಸಿಜಿ ಎಂದರೆ ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಚಹಾ ಎಲೆಯಲ್ಲಿರುವ ಕ್ಯಾಟೆಚಿನ್‌ಗಳ ಪೈಕಿ ದೊಡ್ಡ ಪಾಲು ಇದರದೇ. ನಾವು ದಿನವೂ ಹಾಲು ಹಾಕಿ ಕುದಿಸುವ ಚಹಾಪುಡಿಯೂ ಇದೇ ಗಿಡದ್ದು. ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟಾಗ ಕ್ಯಾಟೆಚಿನ್‌ಗಳ ಬಹುಪಾಲು ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಾಗಿ ಬದಲಾಗುತ್ತದೆ, ಎಲೆ ಕಪ್ಪಾಗುತ್ತದೆ. ಗ್ರೀನ್ ಟೀಯಲ್ಲಿ ಎಲೆಗೆ ಬೇಗನೆ ಹಬೆಯ ಅಥವಾ ಬಾಣಲೆಯ ಬಿಸಿ ತಾಗಿಸಿ ಈ ಬದಲಾವಣೆಯನ್ನು ತಡೆಯುತ್ತಾರೆ.

ಜಾಹೀರಾತುಗಳು ಹೇಳುವ ‘ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಎಂಬ ಮಾತು ಪೂರ್ತಿ ಕಟ್ಟುಕಥೆಯಲ್ಲ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಇಜಿಸಿಜಿ ಸುರಿದಾಗ ನಿಜವಾಗಿಯೂ ಸಾಯುತ್ತವೆ. ಆದರೆ ಅಲ್ಲಿ ಬಳಸುವ ಪ್ರಮಾಣ ಸಾಮಾನ್ಯವಾಗಿ 20ರಿಂದ 100 ಮೈಕ್ರೊಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ). ಒಂದೆರಡು ಕಪ್ ಕುಡಿದವರ ರಕ್ತದಲ್ಲಿ ಅದು 1 ಮೈಕ್ರೊಮೋಲಾರ್ ಕೂಡ ಮುಟ್ಟುವುದಿಲ್ಲ. ಕರುಳು ಹೀರಿಕೊಳ್ಳುವುದೇ ಅಲ್ಪ. ಹೀರಿಕೊಂಡದ್ದನ್ನೂ ಕರುಳು ಮತ್ತು ಲಿವರ್ ಬೇಗನೆ ಬದಲಾಯಿಸಿ ಹೊರಹಾಕುತ್ತವೆ. ಇನ್ನೊಂದು ತೊಡಕೂ ಇದೆ: ಕೋಶ ಬೆಳೆಸುವ ದ್ರಾವಣದಲ್ಲಿ ಇಜಿಸಿಜಿ ತಾನಾಗಿಯೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ತಟ್ಟೆಯಲ್ಲಿ ಸತ್ತ ಕೋಶಗಳಲ್ಲಿ ಎಷ್ಟನ್ನು ಚಹಾ ಕೊಂದಿತು, ಎಷ್ಟನ್ನು ಪೆರಾಕ್ಸೈಡ್ ಕೊಂದಿತು ಎಂಬುದನ್ನು ಬೇರ್ಪಡಿಸದ ಪ್ರಯೋಗಗಳಿಗೆ ಮನುಷ್ಯನ ದೇಹದ ವಿಷಯದಲ್ಲಿ ಬೆಲೆ ಕಡಿಮೆ.

ಮನುಷ್ಯರ ಮೇಲಿನ ಅಧ್ಯಯನಗಳಿಗೆ ಬರೋಣ. ಗ್ರೀನ್ ಟೀ ದಿನನಿತ್ಯದ ಪಾನೀಯವಾಗಿರುವ ಜಪಾನ್‌ನಲ್ಲಿ, ಮಿಯಾಗಿ ಪ್ರಾಂತದಲ್ಲಿ 26,311 ಜನರನ್ನು ಗಮನಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹೆಚ್ಚು ಗ್ರೀನ್ ಟೀ ಕುಡಿದವರಿಗೆ ಹೊಟ್ಟೆಯ ಕ್ಯಾನ್ಸರ್ ಕಡಿಮೆಯೇನೂ ಆಗಿರಲಿಲ್ಲ. ಅದೇ ಪ್ರಾಂತದ 40,530 ಜನರ ಇನ್ನೊಂದು ಅಧ್ಯಯನ 2006ರಲ್ಲಿ ಬಂತು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವು ಗ್ರೀನ್ ಟೀ ಕುಡಿಯುವವರಲ್ಲಿ ಕಡಿಮೆ ಇತ್ತು, ಕ್ಯಾನ್ಸರ್ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಲಭ್ಯವಿರುವ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 142 ಅಧ್ಯಯನಗಳನ್ನು, 11 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿತು. ಅವುಗಳಲ್ಲಿ ಪ್ರಯೋಗಗಳು ಬರೀ 11, ಉಳಿದ 131 ಜನರ ರೂಢಿಯನ್ನು ಬರೀ ಗಮನಿಸಿ ನೋಡಿದ ಅವಲೋಕನಗಳು. ಗ್ರೀನ್ ಟೀ ಕ್ಯಾನ್ಸರ್ ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದೇ ಅದು ತೀರ್ಮಾನಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಗ್ರೀನ್ ಟೀ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯ ತಗ್ಗಿಸುವುದು ತೀರಾ ಅಸಂಭವ ಎಂದು 2005ರಲ್ಲೇ ಹೇಳಿದೆ.

ಮಾರಾಟಗಾರರು ಹೆಚ್ಚು ಉಲ್ಲೇಖಿಸುವುದು ಇಟಲಿಯ 2006ರ ಒಂದು ಪ್ರಯೋಗವನ್ನು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದ 60 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ದಿನಕ್ಕೆ 600 ಮಿ.ಗ್ರಾಂ ಕ್ಯಾಟೆಚಿನ್ ಕೊಟ್ಟರು. ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂತು, ಉಳಿದರ್ಧದಲ್ಲಿ ಒಂಬತ್ತು ಜನರಿಗೆ. ಭರವಸೆ ಹುಟ್ಟಿಸುವ ಅಂಕಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ 2015ರಲ್ಲಿ ಅಮೆರಿಕದಲ್ಲಿ ಇಂಥದೇ 97 ಗಂಡಸರಿಗೆ ಒಂದು ವರ್ಷ ಇಜಿಸಿಜಿ ಅಥವಾ ಹುಸಿಮಾತ್ರೆ (ಔಷಧದ ಅಂಶವಿಲ್ಲದ ಮಾತ್ರೆ) ಕೊಟ್ಟು ನೋಡಿದಾಗ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುವುದು ವಂಚನೆ.

ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ ವಿಷಯವೊಂದಿದೆ. ಬಾಯಲ್ಲಿ ಕ್ಯಾನ್ಸರ್‌ಗೆ ತಿರುಗಬಹುದಾದ ಕಲೆಗಳಿದ್ದ 41 ಜನರ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹನ್ನೆರಡು ವಾರ ಗ್ರೀನ್ ಟೀ ಸಾರ ಪಡೆದವರ ಪೈಕಿ ಅರ್ಧದಷ್ಟು ಜನರ ಕಲೆ ಕುಗ್ಗಿತು, ಹುಸಿಮಾತ್ರೆ ಪಡೆದವರಲ್ಲಿ 18.2% ಜನರದು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಆ ಅಂತರ ನಿಲ್ಲಲಿಲ್ಲ, ಅಂದರೆ ಅದು ಆಕಸ್ಮಿಕವೂ ಆಗಿರಬಹುದು. ಮುಖ್ಯವಾಗಿ, ಮುಂದೆ ಬಾಯಿ ಕ್ಯಾನ್ಸರ್ ಬಂದದ್ದರಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಬಿಳಿ ಕಲೆ ಇರುವ ವ್ಯಕ್ತಿ ಮಾಡಬೇಕಾದದ್ದು ತಂಬಾಕು, ಅಡಿಕೆ ಜಗಿಯುವುದನ್ನು ನಿಲ್ಲಿಸಿ, ದಂತವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಬಯಾಪ್ಸಿ ಮಾಡಿಸುವುದು. ಅದರ ಬದಲು ಆತ ಮೂರು ತಿಂಗಳ ಕ್ಯಾಪ್ಸೂಲ್ ಕೊಂಡು ಕುಳಿತರೆ, ಶುರುವಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದ ಕಾಯಿಲೆ ದವಡೆ ತೆಗೆಯುವ ಹಂತ ಮುಟ್ಟಬಹುದು. ನಾವು ಈ ಪತ್ರ ಬರೆಯಲು ಇದೊಂದೇ ಕಾರಣ ಸಾಕಿತ್ತು.

ಆದರೆ ಇದೊಂದೇ ಇಲ್ಲ. ಲಿವರ್‌ಗೆ ಆಗುವ ಹಾನಿ ಈಗ ದಾಖಲಾಗಿರುವ ಸತ್ಯ. ಅಮೆರಿಕದ ಮಿನೆಸೋಟದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಒಂದು ವರ್ಷ ದಿನಕ್ಕೆ 843 ಮಿ.ಗ್ರಾಂ ಇಜಿಸಿಜಿ ಇರುವ ಸಾರ ಅಥವಾ ಹುಸಿಮಾತ್ರೆ ಕೊಟ್ಟರು. ಸ್ತನ ಕ್ಯಾನ್ಸರ್‌ನ ಅಪಾಯ ತಗ್ಗಬಹುದೇ ಎಂದು ನೋಡುವುದು ಉದ್ದೇಶವಾಗಿತ್ತು. ಲಿವರ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ಏರುಪೇರು ಕಂಡದ್ದು ಸಾರ ಪಡೆದವರಲ್ಲಿ 5.1%, ಹುಸಿಮಾತ್ರೆ ಪಡೆದವರಲ್ಲಿ 0.7%. ಇವರು ಆಗಾಗ ರಕ್ತಪರೀಕ್ಷೆಗೆ ಒಳಗಾಗುತ್ತಿದ್ದವರು, ಎಸ್‌ಜಿಪಿಟಿ (ಲಿವರ್ ಹಾನಿಯನ್ನು ತೋರಿಸುವ ಕಿಣ್ವ) ಏರಿದ ಕೂಡಲೇ ಮಾತ್ರೆ ನಿಲ್ಲಿಸಲು ಅಲ್ಲಿ ವೈದ್ಯರಿದ್ದರು. ಅಂಗಡಿಯಲ್ಲಿ ಡಬ್ಬಿ ಕೊಂಡವರ ಎಸ್‌ಜಿಪಿಟಿ ನೋಡುವವರು ಯಾರು? ಗ್ರೀನ್ ಟೀಯ ಆಲ್ಕೊಹಾಲ್ ಸಾರದಿಂದ ಮಾಡಿದ, ತೂಕ ಇಳಿಸುವ ಉತ್ಪನ್ನವೊಂದನ್ನು ಇದೇ ಲಿವರ್ ಹಾನಿಯ ಕಾರಣಕ್ಕೆ ಫ್ರಾನ್ಸ್ ಮತ್ತು ಸ್ಪೇನ್ 2003ರಲ್ಲೇ ಮಾರುಕಟ್ಟೆಯಿಂದ ಹಿಂತೆಗೆದಿದ್ದವು. ಯಾರಿಗೆ ಹೀಗಾಗುತ್ತದೆ ಎಂಬುದರ ಒಂದು ಸುಳಿವೂ ಸಿಕ್ಕಿದೆ: ಅಮೆರಿಕದಲ್ಲಿ ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರ ಪೈಕಿ ಸುಮಾರು 72% ಜನರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಕಂಡುಬಂದಿದೆ. ಅದನ್ನು ಪರೀಕ್ಷಿಸಿಕೊಂಡು ಕ್ಯಾಪ್ಸೂಲ್ ಕೊಳ್ಳುವವರು ಯಾರೂ ಇಲ್ಲ.

ಬರಿಹೊಟ್ಟೆಯ ಸೂಚನೆಯಂತೂ ಬೆಂಕಿಗೆ ತುಪ್ಪ ಸುರಿದಂತೆ. ಆಹಾರದ ಜೊತೆ ತೆಗೆದುಕೊಂಡದ್ದಕ್ಕಿಂತ ಉಪವಾಸದಲ್ಲಿ ತೆಗೆದುಕೊಂಡಾಗ ರಕ್ತದಲ್ಲಿ ಇಜಿಸಿಜಿಯ ಗರಿಷ್ಠ ಮಟ್ಟ ಮೂರೂವರೆ ಪಟ್ಟಿಗೂ ಹೆಚ್ಚು ಏರುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ನಾಯಿಗಳ ಮೇಲಿನ ಪ್ರಯೋಗದಲ್ಲಿ, ತಿಂದ ಮೇಲೆ ಪಡೆದವು ಸಹಿಸಿಕೊಂಡ ಪ್ರಮಾಣವೇ ಉಪವಾಸವಿದ್ದವುಗಳಿಗೆ ವಿಷವಾಯಿತು. ಹೀರಿಕೆ ಚೆನ್ನಾಗಿ ಆಗಲಿ ಎಂದು ಡಬ್ಬಿಯ ಮೇಲೆ ಬರೆದ ಸಾಲು, ಲಿವರ್‌ಗೆ ಏಟು ಜೋರಾಗಿ ಬೀಳಲಿ ಎಂದು ಬರೆದಂತೆಯೇ ಆಗಿದೆ.

ತೊಂದರೆ ಸಾಮಾನ್ಯವಾಗಿ ಕ್ಯಾಪ್ಸೂಲ್ ಶುರು ಮಾಡಿದ ಒಂದರಿಂದ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಸುಸ್ತು, ಊಟ ಸೇರದಿರುವುದು, ವಾಕರಿಕೆ, ಆಮೇಲೆ ಗಾಢ ಬಣ್ಣದ ಮೂತ್ರ, ಕಣ್ಣು ಹಳದಿ. ಬಹುತೇಕರು ಕ್ಯಾಪ್ಸೂಲ್ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಲಿವರ್ ಕಸಿಯೇ ಬೇಕಾಗಿದೆ, ಸಾವುಗಳೂ ವರದಿಯಾಗಿವೆ. ನಮ್ಮಲ್ಲಿ ಇದು ಗೊತ್ತಾಗದೇ ಹೋಗಲು ಎರಡು ಕಾರಣಗಳಿವೆ. ‘ಏನು ಮಾತ್ರೆ ತಗೋತಿದ್ದೀರಿ?’ ಎಂದು ವೈದ್ಯರು ಕೇಳಿದರೆ ರೋಗಿ ಬಿಪಿ, ಶುಗರ್ ಮಾತ್ರೆಯ ಹೆಸರು ಹೇಳುತ್ತಾರೆ. ಗ್ರೀನ್ ಟೀ ಕ್ಯಾಪ್ಸೂಲ್ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಎರಡನೆಯದು, ಕಣ್ಣು ಹಳದಿಯಾದರೆ ಕಾಮಾಲೆ ಎಂದು ನಾಟಿ ಮದ್ದಿಗೆ ಹೋಗಿ, ಪಥ್ಯ ಹಿಡಿದು, ಕ್ಯಾಪ್ಸೂಲನ್ನು ಮಾತ್ರ ‘ಒಳ್ಳೆಯದಲ್ಲವೇ’ ಎಂದು ಮುಂದುವರಿಸುವುದು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅಪಾಯ ಬೇರೆ ಬಗೆಯದು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೊಡುವ ಬೋರ್ಟೆಜೊಮಿಬ್ ಚುಚ್ಚುಮದ್ದಿನ ಅಣುವಿನಲ್ಲಿ ಬೋರಾನಿಕ್ ಆಮ್ಲದ ಗುಂಪೊಂದಿದೆ. ಔಷಧ ಕೆಲಸ ಮಾಡುವುದೇ ಅದರಿಂದ. ಇಜಿಸಿಜಿ ನೇರವಾಗಿ ಆ ಬೋರಾನ್‌ಗೆ ಅಂಟಿಕೊಂಡು ಔಷಧವನ್ನು ನಿಷ್ಕ್ರಿಯ ಮಾಡುತ್ತದೆ ಎಂಬುದು ಕೋಶಗಳಲ್ಲೂ ಇಲಿಗಳಲ್ಲೂ 2009ರಲ್ಲಿ ಸಾಬೀತಾಯಿತು. ಚಿಕಿತ್ಸೆಗೆ ಬಲ ಸಿಗಲಿ ಎಂದು ಮನೆಯವರು ಪ್ರೀತಿಯಿಂದ ತಂದುಕೊಟ್ಟ ಕ್ಯಾಪ್ಸೂಲ್, ಸಾವಿರಾರು ರೂಪಾಯಿಯ ಚುಚ್ಚುಮದ್ದನ್ನು ನೀರುಪಾಲು ಮಾಡಬಹುದು. ಈ ಔಷಧ ಪಡೆಯುವವರು ಕ್ಯಾಪ್ಸೂಲನ್ನಂತೂ ಮುಟ್ಟಲೇಬಾರದು, ಗ್ರೀನ್ ಟೀ ಕುಡಿಯುವುದನ್ನೂ ತಮ್ಮ ವೈದ್ಯರಿಗೆ ತಿಳಿಸಲೇಬೇಕು. ರಕ್ತದೊತ್ತಡದ ನಾಡೊಲಾಲ್ ಮಾತ್ರೆಯ ರಕ್ತಮಟ್ಟವನ್ನು ಗ್ರೀನ್ ಟೀ ಸುಮಾರು 85% ಇಳಿಸಿದ್ದು ಜಪಾನ್‌ನ ಅಧ್ಯಯನದಲ್ಲಿ ಕಂಡಿದೆ. ಕಬ್ಬಿಣಾಂಶದ ಹೀರಿಕೆಗೂ ಇದು ಅಡ್ಡಿ. ರಕ್ತಹೀನತೆಗೆ ಸರ್ಕಾರ ಹಂಚುವ ಕಬ್ಬಿಣದ ಮಾತ್ರೆಯ ಜೊತೆಗೆ ಇದನ್ನು ನುಂಗುವ ಗರ್ಭಿಣಿಗೆ ಆ ಮಾತ್ರೆಯ ಪ್ರಯೋಜನ ಪೂರ್ತಿ ಸಿಗುವುದಿಲ್ಲ.

ಕ್ಯಾಟೆಚಿನ್‌ಗಳನ್ನು ನಾವು ಸಾರಾಸಗಟಾಗಿ ತಳ್ಳಿಹಾಕುತ್ತಿಲ್ಲ. ಗ್ರೀನ್ ಟೀ ಕ್ಯಾಟೆಚಿನ್‌ಗಳ 15% ಮುಲಾಮನ್ನು ಜನನಾಂಗದ ನರುಲಿಗೆ ಹಚ್ಚುವ ಔಷಧವಾಗಿ ಅಮೆರಿಕ 2006ರಲ್ಲಿ ಒಪ್ಪಿದೆ. ಅದು ಪ್ರಯೋಗಕ್ಕೆ ಒಳಗಾಗಿ, ಪ್ರಮಾಣ ಗೊತ್ತುಮಾಡಿಕೊಂಡು, ಅಡ್ಡ ಪರಿಣಾಮಗಳನ್ನು ಮುದ್ರಿಸಿಕೊಂಡು ಬಂದ ಔಷಧ. ಔಷಧದ ಗುಣ ಹೇಳಿಕೊಳ್ಳುವವರು ಆ ದಾರಿಯಲ್ಲೇ ಬರಬೇಕು.

ಮಾನ್ಯರೇ, ಇದಕ್ಕೆಲ್ಲ ಹೊಸ ಕಾನೂನು ಬೇಕಾಗಿಲ್ಲ. 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರ್ ಇದೆ. ಅದನ್ನು ತಡೆಯುತ್ತೇವೆ, ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, 52ನೇ ಕಲಂ ತಪ್ಪು ಲೇಬಲ್‌ಗೆ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. 30ನೇ ಕಲಂ ಪ್ರಕಾರ ಜನಾರೋಗ್ಯದ ಹಿತದೃಷ್ಟಿಯಿಂದ ಯಾವುದೇ ಆಹಾರ ಪದಾರ್ಥವನ್ನು ಒಂದು ವರ್ಷದವರೆಗೆ ನಿಷೇಧಿಸುವ ಅಧಿಕಾರ ತಮಗೇ ಇದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳ ಮಾದರಿ ಪರೀಕ್ಷಿಸಿ ರೊಡಮೈನ್-ಬಿ ಬಣ್ಣಕ್ಕೆ ಕಡಿವಾಣ ಹಾಕಿದಾಗ ಬೀದಿಬದಿಯ ಗಾಡಿಯವರು ಆ ಬಿಸಿ ಅನುಭವಿಸಿದರು. ಅಷ್ಟೇ ಚುರುಕು ಹೊಳೆಯುವ ಡಬ್ಬಿಗಳ ಮೇಲೂ ಕಾಣಬೇಕಲ್ಲವೇ?

ಮೊದಲು ಮಾದರಿ ಸಂಗ್ರಹವಾಗಲಿ. ಅಂಗಡಿಗಳಿಂದ ಮಾತ್ರವಲ್ಲ, ಆನ್‌ಲೈನ್ ಕಂಪನಿಗಳ ಗೋದಾಮುಗಳಿಂದಲೂ. ಕಾಯ್ದೆ ಹೇಳುವಂತೆ ನಾಲ್ಕು ಭಾಗ ಮಾಡಿ ಮೊಹರು ಹಾಕಿ ಕಳುಹಿಸಿದರೆ ಆಹಾರ ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಬರೀ ‘ಪಾಲಿಫಿನಾಲ್’ ಮೊತ್ತ ಅಳೆದರೆ ಸಾಲದು, ಎಚ್‌ಪಿಎಲ್‌ಸಿ ಎಂಬ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನದಲ್ಲಿ ಇಜಿಸಿಜಿಯನ್ನು ಬೇರೆಯಾಗಿಯೇ ಅಳೆಯಬೇಕು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐನಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ತೂಕ ಇಳಿಸುವ ಹೆಸರಿನ ಕ್ಯಾಪ್ಸೂಲ್‌ಗಳಲ್ಲಿ, ದೇಶದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮೈನ್ ಎಂಬ ಹಸಿವು ತಗ್ಗಿಸುವ ಔಷಧ ಬೆರೆತಿದೆಯೇ ಎಂಬುದನ್ನೂ ಜೊತೆಗೇ ನೋಡಲಿ. ಗಿಡಮೂಲಿಕೆಯ ಹೆಸರಿನಲ್ಲಿ ಅದನ್ನು ಬೆರೆಸುವುದು ಹಲವು ದೇಶಗಳಲ್ಲಿ ಪತ್ತೆಯಾಗಿರುವ ಮೋಸ.

ಲೇಬಲ್ ವಿಷಯದಲ್ಲಿ ಯುರೋಪಿನ ಮಾದರಿ ಕಣ್ಣಮುಂದಿದೆ. ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿ ಸೇವಿಸುವವರಲ್ಲಿ ಲಿವರ್ ಕಿಣ್ವಗಳು ಏರುತ್ತವೆ ಎಂದು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. 2022ರಲ್ಲಿ ನಿಯಮ ಬಂತು: ದಿನದ ಪ್ರಮಾಣ 800 ಮಿ.ಗ್ರಾಂಗಿಂತ ಕಡಿಮೆ ಇರಬೇಕು, ಅದೇ ದಿನ ಬೇರೆ ಗ್ರೀನ್ ಟೀ ಪದಾರ್ಥ ಬೇಡ, ಗರ್ಭಿಣಿಯರು, ಹಾಲೂಡಿಸುವವರು, 18 ವರ್ಷದೊಳಗಿನವರು ಸೇವಿಸಬಾರದು, ಬರಿಹೊಟ್ಟೆಗೆ ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆಗಳು ಡಬ್ಬಿಯ ಮೇಲೆ ಇರಲೇಬೇಕು. ಇವನ್ನು ಕನ್ನಡದಲ್ಲೂ ಮುದ್ರಿಸುವಂತೆ ಮಾಡಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ತಾವು ಶಿಫಾರಸು ಕಳುಹಿಸಬೇಕು. ಅಲ್ಲಿಂದ ಉತ್ತರ ಬರುವವರೆಗೆ, ದಿನಕ್ಕೆ 800 ಮಿ.ಗ್ರಾಂ ಮುಟ್ಟುವ ಅಥವಾ ದಾಟುವ ಉತ್ಪನ್ನಗಳನ್ನು 30ನೇ ಕಲಂ ಅಡಿಯಲ್ಲಿ ರಾಜ್ಯದ ಮಟ್ಟಿಗೆ ತಡೆಹಿಡಿಯಬೇಕು. ‘ಊಟಕ್ಕೆ ಮೊದಲು’ ಎಂದು ಮುದ್ರಿಸಿರುವ ಡಬ್ಬಿಗಳ ಮಾರಾಟಗಾರರಿಗೆ ಸುಧಾರಣಾ ನೋಟಿಸ್ ಹೋಗಬೇಕು. ಜಾಹೀರಾತುಗಳ ವಿಷಯದಲ್ಲಿ ಔಷಧ ನಿಯಂತ್ರಣ ಅಧಿಕಾರಿಗಳ ಜೊತೆ ಸೇರಿ ಪ್ರಕರಣ ದಾಖಲಿಸಬೇಕು. ಕ್ಯಾನ್ಸರ್ ಎಂಬ ಪದವನ್ನು ಡಬ್ಬಿಯಿಂದ ತೆಗೆದು ವಿಡಿಯೊಗೆ ಸೇರಿಸಿದ ಮಾತ್ರಕ್ಕೆ ಅಪರಾಧ ಕಡಿಮೆಯಾಗುವುದಿಲ್ಲ.

ಆರೋಗ್ಯ ಇಲಾಖೆಗೆ ಬರೆದು ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ಕ್ಯಾನ್ಸರ್ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಕೀಮೋಗೆ ಮುನ್ನ ತುಂಬುವ ನಮೂನೆಯಲ್ಲಿ ‘ಗ್ರೀನ್ ಟೀ ಅಥವಾ ಬೇರೆ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಪ್ರಶ್ನೆಯನ್ನು ಹೆಸರು ಹಿಡಿದೇ ಕೇಳುವಂತೆ ಮಾಡಿದರೆ ಅದಕ್ಕೆ ತಗಲುವ ಖರ್ಚು ಒಂದು ಸಾಲು ಶಾಯಿ ಮಾತ್ರ. ಲಿವರ್ ತೊಂದರೆಯಿಂದ ಬಂದವರ ಪ್ರಕರಣಗಳನ್ನು ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ವರದಿ ಮಾಡಲು ವೈದ್ಯರಿಗೂ ಫಾರ್ಮಸಿಸ್ಟ್‌ಗಳಿಗೂ ಸುತ್ತೋಲೆ ಹೋಗಲಿ. ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯರಿಗೂ ಈ ಮಾಹಿತಿ ಸಿಗಲಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರವೇ ಉಚಿತವಾಗಿ ಮಾಡುತ್ತದೆ ಎಂಬುದು ಗೊತ್ತಿಲ್ಲದೆ ಡಬ್ಬಿಗೆ ದುಡ್ಡು ಸುರಿಯುವವರು ನಮ್ಮ ನಡುವೆ ಬಹಳ ಜನ ಇದ್ದಾರೆ.

ಚಹಾ ಕುಡಿಯುವವರಿಗೂ ಹೇಳಬೇಕಾದ ಒಂದು ಮಾತಿದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಕ್ಯಾನ್ಸರ್ ತಡೆಯಲೆಂದು ಗ್ರೀನ್ ಟೀಯನ್ನು ಸುಡುಸುಡು ಕುಡಿಯುವವರಿಗೆ ಇಲಾಖೆಯ ಪ್ರಚಾರ ಸಾಮಗ್ರಿ ಇದನ್ನೂ ತಿಳಿಸಲಿ. 80 ಡಿಗ್ರಿಯ ನೀರು ಎಲೆಯ ಸತ್ವ ಬಿಡಲು ಸಾಕು, ಸೋಸಿದ ಮೇಲೆ ಕೆಲವು ನಿಮಿಷ ಆರಲು ಬಿಡಲಿ.

ಲೇಬಲ್‌ಗಳ ಚಿತ್ರಗಳು, ಜಾಹೀರಾತುಗಳ ಪ್ರತಿಗಳು, ಪ್ರತಿಯೊಂದರ ಇಜಿಸಿಜಿ ಲೆಕ್ಕ ನಮ್ಮ ಬಳಿ ಇವೆ. ತಮ್ಮ ಅಧಿಕಾರಿಗಳು ಕೇಳಿದ ದಿನವೇ ಒಪ್ಪಿಸುತ್ತೇವೆ, ಪರೀಕ್ಷಾ ವಿಧಾನದ ಬಗ್ಗೆ ತಾಂತ್ರಿಕ ನೆರವು ಬೇಕಿದ್ದರೆ ಸಂಭಾವನೆ ಇಲ್ಲದೆ ಕೊಡುತ್ತೇವೆ. ಮಾದರಿ ಸಂಗ್ರಹ ಯಾವಾಗ ಶುರುವಾಗುತ್ತದೆ, ವರದಿಗಳನ್ನು ಸಾರ್ವಜನಿಕರ ಮುಂದೆ ಇಡಲಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ಆಸ್ಪತ್ರೆ ಫಾರ್ಮಸಿಸ್ಟ್‌ಗಳು ಮತ್ತು ಔಷಧ ವಿಜ್ಞಾನ ಬೋಧಕರ ಒಂದು ಬಳಗ